ಸೌಡತ್ತೆಯ ಗಂಟಲಲ್ಲಿ ಒಂದು ದಿನಚರಿ

ಮಿಮಿಕ್ರಿ ಮಾಡುವವನ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಅಳತೆ ಕೊಡುವಾಗ ದರ್ಜಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರಲ್ಲ, ಹಾಗೆ ನನ್ನ ಮುಂದೆ ಜನ ಮಾತನ್ನೇ ಒಳಗೆಳೆದುಕೊಂಡು ನಿಲ್ಲುತ್ತಾರೆ. ಎಲ್ಲಿ ಒಂದು ಕೆಮ್ಮು, ಒಂದು ತೊದಲು, ಒಂದು ರಾಗ ನನ್ನ ಕೈಗೆ ಸಿಕ್ಕಿಬಿಡುತ್ತದೋ, ನಾಳೆ ಯಾವ ಮದುವೆ ಮನೆಯಲ್ಲಿ ಅದು ಹೊರಬೀಳುತ್ತದೋ ಎಂಬ ಭಯ. ಭಯವೇನು ಸುಳ್ಳಲ್ಲ. ಮೂರನೇ ಕ್ಲಾಸಿನಲ್ಲೇ ಬಾಗಿಲ ಹಿಂದೆ ನಿಂತು ಹೆಡ್ಮಾಸ್ಟರ ಕೆಮ್ಮು ಕೆಮ್ಮಿ ಇಡೀ ತರಗತಿಯನ್ನು, ಟೀಚರ್ ಸಮೇತ, ಎದ್ದು ನಿಲ್ಲಿಸಿದವನು ನಾನು. ಈಗ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಆಫೀಸಿನಲ್ಲಿದ್ದೇನೆ. ನಮ್ಮ ಹೊಲಿಗೆ ವಿಭಾಗದ ಸೂಪರ್ವೈಸರು ರಜೆ ಹಾಕಿದ ದಿನವೂ ಅವರ ಬೈಗುಳ ಸಾಲಿನಲ್ಲಿ ಕೇಳಿಬರುತ್ತದೆ. ಅವರಿದ್ದ ದಿನಕ್ಕಿಂತ ಆ ದಿನ ಕೆಲಸ ಚೆನ್ನಾಗಿ ಆಗುತ್ತದೆ ಎಂಬುದು ನನ್ನ ಒಂದು ಸಣ್ಣ ಹೆಮ್ಮೆ. ಇಂಥ ನಾನು, ಜನ ನಂಬಿ ತಮ್ಮ ಮನಸ್ಸಿನ ಮಾತು ಹೇಳಿಕೊಳ್ಳಬೇಕಾದ ಒಂದು ದಿನಚರಿಯ ಆ್ಯಪ್ ಮಾಡಲು ಹೊರಟೆ ಎಂದರೆ, ಬೆಕ್ಕು ಹಾಲಿನ ಸೊಸೈಟಿಗೆ ಸೆಕ್ರೆಟರಿಯಾದಂತೆ.

ಕಥೆ ಮುಂದುವರಿಸುವ ಮೊದಲು ಒಂದು ಪಾಪ ಒಪ್ಪಿಕೊಂಡುಬಿಡುತ್ತೇನೆ. ನಮ್ಮದು ನೆಯ್ಗೆಯ ವಂಶ. ಯಾವ ಕಾಲದಲ್ಲಿ ಈ ಕಡೆ ಬಂದೆವೋ ನಮ್ಮ ಹಿರಿಯರಿಗೂ ಗೊತ್ತಿಲ್ಲ. ಬರುವಾಗ ತಂದ ಕನ್ನಡ ಮಾತ್ರ ಅಡಿಗೆಮನೆಯಲ್ಲಿ ಇನ್ನೂ ಉಳಿದಿದೆ. ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಯಾರಿಗೂ ಬರುವುದಿಲ್ಲ. ಅಪ್ಪನ ಅಕ್ಕ ಸೌಡತ್ತೆ ಪೊಳ್ಳಾಚಿ ಹತ್ತಿರದ ನೆಗಮಂನಲ್ಲಿದ್ದಾಳೆ. ಹೆಸರು ಚೌಡೇಶ್ವರಿಯದು, ತಮಿಳರ ಬಾಯಲ್ಲಿ ಸವೆದು ಸೌಡಮ್ಮ ಆಗಿದೆ. ಅವಳೂ ಅವಳ ಗಂಡ ಮಾಮನೂ ಹತ್ತಿ ಸೀರೆ ನೇಯುತ್ತಾರೆ. ಅತ್ತೆಯ ಕಾಯಿಲೆ ಒಂದೇ: ಕಂಡವರನ್ನೆಲ್ಲ ವಿಚಾರಿಸುವುದು. “ಏನ್ ಸಾಮೀ, ಮೊಗ ಯಾಕೆ ಹಿಂಗಾಗೋಯ್ತು? ಉಂಡ್ಯಾ?” ಎಂದು ಅವಳು ಎಳೆದು ಕೇಳಿದರೆ, ಮುಖ ಸರಿಯಾಗಿಯೇ ಇದ್ದವನಿಗೂ ಏನೋ ಆಗಿದೆ ಅನ್ನಿಸಿಬಿಡುತ್ತದೆ. ಎಂಟು ತಿಂಗಳ ಹಿಂದೆ ಅವಿನಾಶಿಯಲ್ಲಿ ನನ್ನ ಚಿಕ್ಕಪ್ಪನ ಮಗಳ ಸೀಮಂತ. ಊಟದ ಪಂಕ್ತಿ ಮುಗಿದು ಎಲ್ಲರೂ ಜಮಖಾನದ ಮೇಲೆ ಉರುಳಿಕೊಂಡಿದ್ದರು. “ಶರವಣಾ, ಏನಾದ್ರೂ ಮಾಡ್ಡಾ” ಎಂದರು. ನಾನು ಎದ್ದು, ಸೆರಗಿನ ಬದಲು ಟವೆಲ್ ಸಿಕ್ಕಿಸಿಕೊಂಡು, ಸೌಡತ್ತೆಯಾದೆ. ಒಬ್ಬನನ್ನೇ ನಾಲ್ಕು ಸಲ “ಉಂಡ್ಯಾ ಸಾಮೀ” ಎಂದು ಕೇಳಿದೆ, ಗೋಡೆಯ ಮೇಲಿದ್ದ ಫೋಟೋವನ್ನು ಕೇಳಿದೆ, ಕೊನೆಗೆ ಫ್ಯಾನನ್ನೂ “ಸುತ್ತಿ ಸುತ್ತಿ ಇಳ್ದೋದ್ಯಲ್ಲಾ, ಉಂಡ್ಯಾ?” ಎಂದು ಕೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಬಾಗಿಲ ಕಡೆಯಿಂದ ಆರತೊಡಗಿತು. ತಿರುಗಿದರೆ ಅತ್ತೆ, ಕೈಯಲ್ಲಿ ಪಾಯಸದ ಬಕೆಟ್ಟು. ಬಕೆಟ್ಟನ್ನು ಸದ್ದಾಗದಂತೆ ನೆಲಕ್ಕಿಟ್ಟು ಹೊರಟುಹೋದಳು.

ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟಳು ಎಂದರೆ ಪೂರಾ ಬಿಡಲಿಲ್ಲ, ವಿಚಾರಿಸುವ ಕಾಯಿಲೆ ಬಿಡಬೇಕಲ್ಲ. ಮಧ್ಯೆ ಒಬ್ಬರನ್ನು ಇಟ್ಟುಕೊಳ್ಳುತ್ತಿದ್ದಳು. ನಾನು ಎದುರಿಗೇ ಕೂತಿದ್ದರೂ ಅಮ್ಮನಿಗೆ, “ಅವನ್ಗೆ ಹೇಳು, ಕಾಪಿ ಆರ್ತದೆ ಅಂತ.” ಅಮ್ಮ ಮಧ್ಯೆ ಇಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಿದ್ದಳು. ನಾನು ಕ್ಷಮೆ ಕೇಳಲು ಹೋದೆ, ಸುಳ್ಳಲ್ಲ; ಆದರೆ ನನ್ನ ಬಾಯಿಂದ “ತಪ್ಪಾಯ್ತತ್ತೆ” ಎಂಬುದು ಕೂಡ ಯಾವುದೋ ನಾಟಕದ ಮಾತಿನ ಹಾಗೆ ಬಂತು. ಅವಳು ಬೆಕ್ಕಿನ ಕಡೆ ನೋಡಿ, “ಇವನೀಗ ಯಾರ್ ತರ ಆಡ್ತಾವ್ನೆ ಕೇಳು” ಎಂದಳು.

ಇನ್ನು ಆ್ಯಪು. ನಮ್ಮ ಕಂಪನಿಗೆ ಒಂದು ದಿನ ಹೊರದೇಶದ ಗಿರಾಕಿಗಳ ಕಡೆಯಿಂದ ಒಂದು ಹಾಳೆ ಬಂತು. ಕೆಲಸಗಾರರ ಮನಸ್ಸು ಹೇಗಿದೆ ಎಂದು ತಿಳಿಯಬೇಕಂತೆ. ಹಾಳೆಯಲ್ಲಿ ಐದು ಮುಖಗಳು: ಅಳುವುದು, ಮುನಿದದ್ದು, ಸುಮ್ಮನಿರುವುದು, ನಗುವುದು, ತುಂಬಾ ನಗುವುದು. ಸೂಪರ್ವೈಸರು, “ನಾಲ್ಕನೇದಕ್ಕೆ ಟಿಕ್ ಹಾಕ್ರಿ, ಐದನೇದು ಹಾಕಿದ್ರೆ ನಂಬಲ್ಲ” ಎಂದು ಹೇಳಿಕೊಟ್ಟರು. ಎಲ್ಲರೂ ನಾಲ್ಕನೇ ಮುಖವಾದರು. ಆ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸಬೇಕಾದವನು ನನ್ನ ಗೆಳೆಯ ಮಂಜು. ತುಮಕೂರಿನ ಕಡೆಯವನು, ನಮ್ಮಲ್ಲಿ ಬಾರ್ ಕೋಡ್ ನೋಡಿಕೊಳ್ಳುತ್ತಾನೆ, ಉಳಿದ ಹೊತ್ತು ಆ್ಯಪ್ ಬರೆಯುತ್ತಾನೆ. ನನಗೆ ಕನ್ನಡ ಅಕ್ಷರ ಕಲಿಸಿದವನೂ ಅವನೇ, ಊಟದ ಹೊತ್ತಿನಲ್ಲಿ, ಬನಿಯನ್ ಡಬ್ಬದ ರಟ್ಟಿನ ಮೇಲೆ ಬರೆದು ಬರೆದು. ಮಂಜು ನಾಲ್ಕನೇ ಮುಖದ ರಾಶಿ ನೋಡಿ, “ಗುರು, ಜನಕ್ಕೆ ಮುಖಕ್ಕೆ ಟಿಕ್ ಹಾಕೋದಲ್ಲ, ಬಾಯಿ ಬಿಟ್ಟು ಹೇಳೋ ಜಾಗ ಬೇಕು. ದಿನಚರಿ! ಬರೆಯೋದಲ್ಲ, ಮಾತಾಡೋದು!” ಎಂದ. ನನಗೆ ಮೈಯೆಲ್ಲ ಕರೆಂಟು ಹೊಡೆದಂತಾಯಿತು. ಹೌದಲ್ಲ! ನಮ್ಮ ಮನೆಯವರಿಗೆ ಕನ್ನಡ ಬರೆಯಲು ಬರುವುದಿಲ್ಲ, ತಮಿಳು ಬರೆಯುತ್ತಾರೆ, ಆದರೆ ದುಃಖವಾದಾಗ ಗೊಣಗುವುದು ಮಾತ್ರ ಕನ್ನಡದಲ್ಲೇ. ಆ ಗೊಣಗು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ನಾವು ಅದಕ್ಕೊಂದು ಡಬ್ಬಿ ಮಾಡಿಕೊಡೋಣ! ಟೀ ಆರಿತು, ವಡೆ ಆರಿತು, ಬೆಲ್ಲು ಹೊಡೆಯಿತು, ನಾವಿಬ್ಬರೂ ಟೀ ಅಂಗಡಿಯ ಬೆಂಚಿನ ಮೇಲೆ ಬೆರಳಿನಿಂದ ಚಿತ್ರ ಬರೆಯುತ್ತಲೇ ಇದ್ದೆವು.

ವ್ಯವಸ್ಥೆ ಹೀಗೆ: ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ತಾನೇ ಎಚ್ಚರಗೊಂಡು “ಇವತ್ತು ಹೆಂಗಿತ್ತು?” ಎಂದು ಕೇಳಬೇಕು. ನೀವು ಹೇಳಿಕೊಳ್ಳಬೇಕು. ಹೇಳಿದ್ದು ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಇನ್ನೊಬ್ಬರಿಗೆ ಕೇಳುವುದಿಲ್ಲ. ಮುಗಿದ ಮೇಲೆ ಆ ದಿನಕ್ಕೆ ಒಂದು ನೂಲಿನ ಬಣ್ಣ ಆರಿಸಬೇಕು. ಖುಷಿಗೆ ಹಳದಿ, ಬೇಜಾರಿಗೆ ನೀಲಿ, ಸಿಟ್ಟಿಗೆ ಅರಗಿನ ಕೆಂಪು, ಹೀಗೆ. ದಿನಕ್ಕೊಂದೊಂದು ಎಳೆ ಸೇರಿ ತಿಂಗಳಿಗೆ ಒಂದು ಸೀರೆ ಅಂಚು! ಆ ಅಂಚು ಮಾತ್ರ ನಮಗೂ ಕಾಣುತ್ತದೆ. ಈ ಅಂಚಿನ ಉಪಾಯ ನನ್ನದು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಆ ಉಪಾಯ ಹೊಳೆದ ದಿನ ನಾನು ಬೈಕನ್ನು ಆಫೀಸಿನಲ್ಲೇ ಮರೆತು ಮನೆಗೆ ನಡೆದು ಬಂದೆ.

ಕೇಳುವ ದನಿ ಯಾರದಿರಬೇಕು ಎಂಬಲ್ಲಿ ಮಾತ್ರ ಸಿಕ್ಕಿಕೊಂಡೆವು. ಮೊದಲು ಮಂಜುವೇ ತನ್ನ ಶುದ್ಧ ಕನ್ನಡದಲ್ಲಿ ಹೇಳಿದ: “ನಮಸ್ಕಾರ. ಇಂದು ತಮ್ಮ ಮನಃಸ್ಥಿತಿ ಹೇಗಿದೆ? ದಯವಿಟ್ಟು ಹಂಚಿಕೊಳ್ಳಿ.” ಅಮ್ಮನ ಮುಂದೆ ಫೋನ್ ಇಟ್ಟೆ. ಅಮ್ಮ ಸೆರಗು ಸರಿಮಾಡಿಕೊಂಡು, ಎದ್ದು ನಿಂತು, “ನಾವು ಯಾವ ಲೋನೂ ತಗೊಂಡಿಲ್ಲೀಂಗ ಸಾರ್” ಎಂದು ಫೋನನ್ನು ಬೋರಲು ಹಾಕಿದಳು. ಆಮೇಲೆ ನನ್ನದೇ ದನಿಯಲ್ಲಿ ಕೇಳಿಸಿದೆ. ಅಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಲು ತಯಾರಾಗಿ ಕೂತಳು.

“ಯಾಕಮ್ಮಾ ನಗ್ತೀಯ? ಹೇಳು.”

“ನೀನ್ ಜೋಕ್ ಹೇಳ್ತೀಯ ಅಂತ ಕಾಯ್ತಾ ಇದ್ದೀನ್ಡಾ.”

“ಜೋಕಲ್ಲ. ನಿನ್ನ ಮನಸಲ್ಲಿರೋದು ಹೇಳ್ಬೇಕು.”

“ನಿನ್ನತ್ರವಾ? ಕಳ್ಳನ್ ಕೈಲೇ ಬೀಗದ ಸಾವಿ ಕೊಟ್ಟಂಗೆ. ಹೋಗ್ಡಾ, ಅಡಿಗೆ ವೇಲೆ ಐತೆ.”

ಹೀಗೆ ಒಬ್ಬೊಬ್ಬರಾಗಿ ಎಲ್ಲರ ಗಂಟಲನ್ನೂ ಹಾಕಿ ನೋಡಿದೆ. ಬಸ್ ಕಂಡಕ್ಟರ ದನಿಯಲ್ಲಿ ಕೇಳಿದರೆ ಅಮ್ಮ ಇಳಿಯುವ ಜಾಗ ಹೇಳುತ್ತಾಳೆ. ಡಾಕ್ಟರ ದನಿಗೆ ನಾಲಿಗೆ ಚಾಚುತ್ತಾಳೆ. ಬೇಸತ್ತು, ಯೋಚಿಸದೆ, ಸುಮ್ಮನೆ ಬಾಯಿಗೆ ಬಂದಂತೆ, “ಏನ್ ಸಾಮೀ, ಮೊಗ ಯಾಕೆ ಹಿಂಗಾಗೋಯ್ತು? ಹೇಳು, ನಾನೇನ್ ಊರ್ಗೆಲ್ಲಾ ಸಾರ್ತೀನಾ?” ಎಂದೆ. ಸಾಂಬಾರು ತಿರುಗಿಸುತ್ತಿದ್ದ ಅಮ್ಮನ ಸೌಟು ನಿಂತಿತು. ನನ್ನ ಕಡೆ ತಿರುಗಲೂ ಇಲ್ಲ. ಒಲೆಯ ಕಡೆಯೇ ಮುಖ ಮಾಡಿಕೊಂಡು, “ಏನ್ ಹೇಳ್ಲತ್ತಿಗೆ, ಮೊಣಕಾಲು ಮಡಚಕ್ಕೇ ಆಗ್ತಿಲ್ಲ. ಇವನ್ಗೆ ಹೇಳಿದ್ರೆ ನಾನ್ ಕುಂಟೋದನ್ನ ಆಡಿ ತೋರಿಸ್ತಾನೆ ಅಂತ ಹೇಳಿಲ್ಲ” ಎಂದಳು.

ಎರಡು ಕೆಲಸ ಒಟ್ಟಿಗೇ ಆದವು. ನನ್ನ ಕಿವಿ ಬಿಸಿಯಾಯಿತು, ಜೊತೆಗೇ ತಲೆಯಲ್ಲಿ ದೀಪ ಹತ್ತಿತು. ಕಿವಿ ಬಿಸಿಯಾದದ್ದನ್ನು ಮರೆತು ದೀಪ ಹತ್ತಿದ್ದನ್ನು ಮಂಜುವಿಗೆ ಫೋನ್ ಮಾಡಿ ಹೇಳಿದೆ. “ಸಿಕ್ತು ಗುರು, ದನಿ ಸಿಕ್ತು!” ಅಮ್ಮನನ್ನು ಮೊಣಕಾಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಮಾರನೆಯ ದಿನ, ಈ ಕ್ರಮವನ್ನು ಗಮನಿಸಿ, ನಾನು ಎಂಥ ಮಗ ಎಂದು ಗೊತ್ತಾಗುತ್ತದೆ.

ಅತ್ತೆಯ ದನಿಯನ್ನು ಅತ್ತೆಗೆ ಹೇಳದೆ ಬಳಸುವುದು ತಪ್ಪಲ್ಲವೇ ಎಂದು ಮಂಜು ಕೇಳಿದ. “ಅತ್ತೆ ನನ್ನ ಜೊತೆ ಮಾತಾಡಲ್ಲ, ಹೇಗೆ ಕೇಳಲಿ?” ಎಂದೆ. ವಾದ ಗಟ್ಟಿಯಾಗಿದೆ ಅನ್ನಿಸಿತು. ಕಳ್ಳನಿಗೂ ತನ್ನ ವಾದ ಗಟ್ಟಿಯಾಗಿಯೇ ಕಾಣುತ್ತದೆ.

ಆ್ಯಪುಗಳನ್ನು ಹಂಚುವ ಇಂಟರ್ನೆಟ್ ಅಂಗಡಿಯವರದು ಒಂದು ಕಟ್ಟುನಿಟ್ಟು: ಹೊಸದು ಪಾಸಾಗಬೇಕಾದರೆ ಹನ್ನೆರಡು ಜನ ಹದಿನಾಲ್ಕು ದಿನ ಬಿಡದೆ ಅದನ್ನು ತಮ್ಮ ಫೋನಿನಲ್ಲಿ ಇಟ್ಟುಕೊಂಡು ಬಳಸಬೇಕು. ಒಬ್ಬರು ಕಡಿಮೆಯಾದರೂ ಮೊದಲಿನಿಂದ ಲೆಕ್ಕ. ಹನ್ನೊಂದು ಜನ ನಮ್ಮ ಕಡೆಯವರೇ ಸಿಕ್ಕರು. ಹನ್ನೆರಡನೆಯವನು ಸೌಡತ್ತೆಯ ಗಂಡ, ಮಾಮ. ನೂಲು ಕೊಳ್ಳಲು ತಿರುಪ್ಪೂರಿಗೆ ಬಂದವನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು, ಫೋನಿಗೆ ಹಾಕಿಕೊಟ್ಟು, “ಅತ್ತೆಗೆ ಮಾತ್ರ ಹೇಳ್ಬೇಡ ಮಾಮಾ” ಎಂದೆ. ಮಾಮ ಮಾತೇ ಆಡದ ಮನುಷ್ಯ. ತಲೆಯಾಡಿಸಿದ. ಇಂಥವನು ದಿನಚರಿಗೆ ಏನು ಹೇಳಿಯಾನು ಎಂದು ಮಂಜು ಅನುಮಾನಪಟ್ಟ. “ಹೇಳದಿದ್ರೂ ಪರವಾಗಿಲ್ಲ, ಲೆಕ್ಕಕ್ಕೆ ಆಯ್ತು” ಎಂದೆ.

ಮೂರನೆಯ ದಿನಕ್ಕೆ ದೂರುಗಳು ಶುರು. ಗುಟ್ಟಾಗಿ ಇರಬೇಕಾದ ದಿನಚರಿಯನ್ನು ನಮ್ಮವರು ಸ್ಪೀಕರಿನಲ್ಲಿ ಹಾಕಿ ನನಗೇ ಕೇಳಿಸಿ ದೂರಿದರು. ಆಗ ಗೊತ್ತಾಯಿತು, ಯಾರೂ ತಮ್ಮ ವಿಷಯ ಹೇಳಿಯೇ ಇಲ್ಲ! ನಮ್ಮ ಕೊಂಗುನಾಡಿನ ಮರ್ಯಾದೆ ನಿಮಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಯಾರಾದರೂ ‘ಹೇಗಿದ್ದೀಯ, ಉಂಡೆಯಾ’ ಎಂದರೆ ಉತ್ತರ ಕೊಡುವುದು ಒರಟುತನ. ಮೊದಲು ಅವರನ್ನು ತಿರುಗಿ ಕೇಳಬೇಕು. ಆದ್ದರಿಂದ ಕೇಳಿದ ದಿನಚರಿಗಳಲ್ಲೆಲ್ಲ ಇದ್ದದ್ದು ಇದೇ: “ನಾನಿರ್ಲಿ, ನೀನ್ ಹೆಂಗಿದೀಯ? ಉಂಡ್ಯಾ?” ಆಮೇಲೆ ಉದ್ದನೆಯ ಮೌನ. ಆಮೇಲೆ ಸಿಟ್ಟು. “ಕೇಳಿದ್ರೆ ಬದಲೇ ಹೇಳಲ್ಲ ನಿನ್ ಮಿಷಿನ್ನು, ಅಷ್ಟು ತಿಮಿರಾ, ಸೊಕ್ಕಾ?” ಎಂದು ಅವಿನಾಶಿಯ ಚಿಕ್ಕಪ್ಪ ನನ್ನನ್ನೇ ದಬಾಯಿಸಿದರು. ಮಂಜು ದೋಷಗಳ ಪಟ್ಟಿಯಲ್ಲಿ ಗಂಭೀರವಾಗಿ ಬರೆದುಕೊಂಡ: ‘ಬಳಕೆದಾರರು ಆ್ಯಪ್‌ನ ಊಟದ ಬಗ್ಗೆ ವಿಚಾರಿಸುತ್ತಿದ್ದಾರೆ.’

ಬಣ್ಣದ ಗತಿಯೂ ಅಷ್ಟೇ. ನೇಯುವವರ ಕೈಗೆ ಬಣ್ಣ ಕೊಟ್ಟರೆ ಮನಸ್ಸಿಗೆ ತಕ್ಕ ಬಣ್ಣ ಆರಿಸುತ್ತಾರೆಯೇ? ಚಿಕ್ಕಮ್ಮನ ಅಂಚು ನೋಡಿದರೆ ಹಳದಿ, ಹಸಿರು, ಹಳದಿ, ಹಸಿರು, ಏನು ಸುಖಸಂಸಾರ! ಕೇಳಿದರೆ, “ಅಯ್ಯ, ಮಂಗಳವಾರ ಪೂರಾ ಅತ್ತಿದ್ದೆ. ಹಸುರ್ ಪಕ್ಕ ನೀಲಿ ಬಂದ್ರೆ ಎಡುಪಾ ಎದ್ ಕಾಣಲ್ಲ, ಅದಕ್ಕೇ ಹಳದಿ ಹಾಕ್ದೆ” ಎಂದಳು. ದುಃಖಕ್ಕಿಂತ ಅಂಚು ಮುಖ್ಯ. ಮಾಮ ಮಾತ್ರ ಎಲ್ಲ ದಿನಕ್ಕೂ ಒಂದೇ ಅರಗಿನ ಕೆಂಪು ಹಾಕಿದ್ದ, ಮಧ್ಯೆ ಒಂದು ದಿನ ಬದನೆಯ ಬಣ್ಣ. ಇಡೀ ನೆಗಮಂನಲ್ಲಿ ಬಣ್ಣ ಜೋಡಿಸುವುದರಲ್ಲಿ ಮಾಮನನ್ನು ಬಿಟ್ಟರಿಲ್ಲ ಎನ್ನುತ್ತಾರೆ, ಅಂಥವನು! ನಾನು ಆ ಚಿತ್ರ ನೋಡಿ, ಮಾಮನ ಹಾಗೆ ತಲೆಯಾಡಿಸಿ, “ಒಂದೇ ಬಣ್ಣ, ಒಂದೇ ಹೆಂಡ್ತಿ, ಪೋದುಂ, ಸಾಕು” ಎಂದು ಆಡಿ ತೋರಿಸಿ ಮಂಜುವನ್ನು ನಗಿಸಿದೆ. ಆ ನಗುವನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ, ನಾನಂತೂ ಮರೆಯಲಾರೆ.

ಊಟದ ದೋಷಕ್ಕೆ ಮದ್ದು ನನಗೇ ಹೊಳೆಯಿತು. ಜನ ತಿರುಗಿ ಕೇಳುವಷ್ಟು ಹೊತ್ತು ಬಿಟ್ಟು, ಅತ್ತೆಯ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದೆ: “ನಂದಾಯ್ತು ಸಾಮೀ. ನಿಂದು ಹೇಳು.” ಅಷ್ಟೇ! ಕಟ್ಟೆ ಒಡೆಯಿತು. ಹತ್ತು ಸೆಕೆಂಡಿನ ದಿನಚರಿಗಳು ಹತ್ತು ನಿಮಿಷಕ್ಕೆ ಏರಿದವು. ಏನು ಹೇಳಿಕೊಂಡರೋ ನಮಗೆ ಕೇಳದು, ಉದ್ದ ಮಾತ್ರ ಕಾಣುತ್ತದೆ. ಚಿಕ್ಕಪ್ಪ ಮನೆಯ ಹಿಂದೆ ಹೋಗಿ ಮಾತಾಡತೊಡಗಿದರು. ಅಮ್ಮ ನನ್ನನ್ನು ಅಡಿಗೆಮನೆಯಿಂದ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿಕೊಳ್ಳತೊಡಗಿದಳು. ಮಾಮನದು, ನಂಬಿದರೆ ನಂಬಿ, ಎಲ್ಲರಿಗಿಂತ ಉದ್ದ! ನಾನೂ ಮಂಜುವೂ ಬಾರ್ ಕೋಡ್ ಕೋಣೆಯಲ್ಲಿ ಕೈ ಕೈ ಹಿಡಿದುಕೊಂಡು ಕುಣಿದೆವು. ಲೇಬಲ್ಲು ಅಚ್ಚು ಹಾಕುವ ಮಿಷಿನ್ನಿನ ಬಟನ್ನು ಯಾರ ಮೊಣಕೈಗೋ ತಗುಲಿ ಉದ್ದಕ್ಕೂ ಲೇಬಲ್ಲು ಉದುರಿತು. ಅದನ್ನೇ ಹೂಮಳೆ ಎಂದುಕೊಂಡೆವು.

ಒಂಬತ್ತನೆಯ ದಿನ ಅಮ್ಮನಿಗೆ ನೆಗಮಂನಿಂದ ಫೋನು. ಅಮ್ಮ “ಸರಿ ಅತ್ತಿಗೆ, ಆಮಾ ಅತ್ತಿಗೆ” ಎಂದು ಮೂರು ಸಲ ಅಂದು ನನ್ನ ಕಡೆ ನೋಡಿದ ರೀತಿಯಲ್ಲೇ ಗುಟ್ಟು ರಟ್ಟಾಯಿತೆಂದು ಗೊತ್ತಾಯಿತು. ಆದದ್ದು ಇಷ್ಟು. ಸಂಜೆ ಅತ್ತೆ ಹಿತ್ತಲಲ್ಲಿ ನೀರು ಸೇದುತ್ತಿದ್ದಾಳೆ. ಮಗ್ಗದ ಕೋಣೆಯಿಂದ ಅವಳದೇ ದನಿ ಕೇಳಿಬಂದಿದೆ: “ಏನ್ ಸಾಮೀ, ಮೊಗ ಯಾಕೆ ಹಿಂಗಾಗೋಯ್ತು?” ಅತ್ತೆ ತನ್ನ ಬಾಯಿ ಮುಟ್ಟಿ ನೋಡಿಕೊಂಡಳಂತೆ, ಮುಚ್ಚಿಯೇ ಇದೆ. ಬಾಗಿಲ ಸಂದಿಯಿಂದ ನೋಡಿದರೆ ಮಾಮ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು, ಫೋನನ್ನು ಎದೆಗೆ ಹಿಡಿದು, ಅವಳಿಗೆ ಮದುವೆಯಾದಂದಿನಿಂದ ಹೇಳದಷ್ಟು ಮಾತು ಹೇಳುತ್ತಿದ್ದಾನೆ. ಕಣ್ಣು ಮಂಜಾಗಿ ನಾಲ್ಕು ತಿಂಗಳಾಯಿತಂತೆ. ಎಳೆ ಕಾಣುವುದಿಲ್ಲವಂತೆ, ಬೆರಳಲ್ಲೇ ತಡವಿ ನೇಯುತ್ತಿದ್ದಾನಂತೆ. ಬಣ್ಣಗಳೆಲ್ಲ ಒಂದೇ ಥರ ಕಾಣುತ್ತವಂತೆ. “ನಿಂಗೆ ಹೇಳಿದ್ರೆ ನೀನ್ ಮಗ್ಗದಿಂದ ಇಳ್ಸ್ತೀಯ ಸೌಡೂ, ಅದಕ್ಕೇ ಹೇಳಿಲ್ಲ” ಎಂದು ಅವಳಿಗೇ, ಅವಳಲ್ಲದ ಅವಳಿಗೆ, ಹೇಳುತ್ತಿದ್ದಾನೆ.

“ನನ್ ಗಂಡನ್ ಜೊತೆ ನನ್ ಕೇಳ್ದೆ ನಾನೇ ಮಾತಾಡ್ತಾ ಇದೀನಿ! ಅವನ್ಗೆ ಹೇಳು, ನ್ಯಾಯ್ತಾರ ಬರ್ಬೇಕು. ಆ ಕಂಪೂಟರ್ ಪಯ್ಯನ್ನೂ ಕರ್ಕೊಂಡ್ ಬರ್ಬೇಕು” ಎಂಬುದು ಅತ್ತೆಯ ಸಮನ್ಸು.

ನ್ಯಾಯ್ತಾರ ಎಂದರೆ ಭಾನುವಾರ; ಪೊಳ್ಳಾಚಿ ಬಸ್ಸಿನಲ್ಲಿ ಇಬ್ಬರೂ ಹೊರಟೆವು. ಅತ್ತೆ ಬೇಡ ಅಂದರೆ ಮಾಮನ ಫೋನಿನಿಂದ ಆ್ಯಪು ಹೋಗುತ್ತದೆ, ಹನ್ನೆರಡು ಹನ್ನೊಂದಾಗುತ್ತದೆ, ಹನ್ನೊಂದು ದಿನ ನೀರುಪಾಲು. ದನಿಯನ್ನೇ ತೆಗೆ ಅಂದರೆ ಉಳಿದ ಹನ್ನೊಂದು ಜನ ಬೇರೆ ಯಾರ ದನಿಗೂ ಬಾಯಿ ಬಿಡುವವರಲ್ಲ. ಮಂಜು ಕಿಟಕಿಗೆ ತಲೆ ಆನಿಸಿಕೊಂಡು ಇದನ್ನೆಲ್ಲ ಬೆರಳಿನ ಮೇಲೆ ಎಣಿಸುತ್ತಿದ್ದ. ನನ್ನ ತಲೆಯಲ್ಲಿ ಆ್ಯಪು ಇರಲಿಲ್ಲ. ಒಂದೇ ಅರಗಿನ ಕೆಂಪು ಅಂಚು ಇತ್ತು. ಅದು ಜೋಕಲ್ಲ, ಕಣ್ಣು ಎಂದು ನನಗೆ ಯಾಕೆ ಹೊಳೆಯಲಿಲ್ಲ? ಜನರ ದನಿಯನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವನು ಅವರು ಹೇಳುವುದನ್ನು ಯಾಕೆ ಕೇಳಿಸಿಕೊಳ್ಳುವುದಿಲ್ಲ?

ನಡುಮನೆಯಲ್ಲಿ ವಿಚಾರಣೆ. ಅತ್ತೆ ಚಾಪೆಯ ಮೇಲೆ, ನಾವು ಎದುರಿಗೆ, ಮಾಮ ಗೋಡೆಗೆ ಒರಗಿಕೊಂಡು, ಹೊಸ ಕಪ್ಪು ಕನ್ನಡಕ ಹಾಕಿಕೊಂಡು, ಯಾವುದೋ ದೊಡ್ಡ ಮನುಷ್ಯರ ಕಾವಲುಗಾರನ ಹಾಗೆ. ಫೋನ್ ಬಂದ ಮಾರನೆಯ ದಿನವೇ ಅತ್ತೆ ಅವನನ್ನು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ಪೊರೆ ಬಂದಿದೆಯಂತೆ, ತೆಗೆದರೆ ಸರಿಹೋಗುತ್ತದಂತೆ. ಅತ್ತೆ ನನ್ನ ಕಡೆ ನೋಡದೆ ಮಂಜುವಿಗೆ ಹೇಳಿದಳು:

“ಅವನ್ನ ಕೇಳು ತಂಬೀ, ನನ್ ಗಂಟಲು ಯಾರಪ್ಪನ ಮನೇದು ಅಂತ.”

ಮಂಜು ಪಾಪ, ಹೇಳಿದ ಕೆಲಸ ಮಾಡುವ ಹುಡುಗ. ನನ್ನ ಕಡೆ ತಿರುಗಿ, “ಅವರ ಧ್ವನಿಯ ಹಕ್ಕು ಯಾರದು ಎಂದು ಕೇಳುತ್ತಿದ್ದಾರೆ” ಎಂದ.

“ತಪ್ಪಾಯ್ತು ಅಂತ ಹೇಳು” ಎಂದೆ.

“ಅವರಿಂದ ಪ್ರಮಾದವಾಗಿದೆ ಅಮ್ಮಾ.”

“ಇದೇನ್ ತಂಬೀ, ನೀನು ಕೋರ್ಟಲ್ಲಿದ್ದಂಗೆ ಮಾತಾಡ್ತೀಯ” ಎಂದು ಅತ್ತೆ ಅವನನ್ನೊಮ್ಮೆ ಮರುಕದಿಂದ ನೋಡಿ, ಮತ್ತೆ ಬಿಗಿಯಾದಳು. “ಗಂಟಲ್ ತಗೊಂಡಿದ್ದು ಹೋಗ್ಲಿ. ನನ್ ಆಡ್ಕೊಂಡಿದ್ದೂ ಹೋಗ್ಲಿ. ‘ನಂದಾಯ್ತು ಸಾಮೀ’ ಅಂತ ಫೋನಲ್ಲಿ ಹೇಳ್ತಾಳಲ್ಲ ಅವಳು, ನಾನ್ ಉಂಡಿದ್ದು ಅವನ್ ಯಾವಾಗ ನೋಡ್ದ ಕೇಳು.”

ಮಂಜು ನನ್ನ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದುವರಿಸಿದಳು:

“ಅವಿನಾಶೀಲಿ ಬೆಳಿಗ್ಗಿಂದ ಇಕ್ಕಿ ಇಕ್ಕಿ, ಕಡೇ ಪಂತಿ ಎದ್ಮೇಲೆ, ಪಾಯಸ ಮಿಕ್ಕಿತ್ತು, ಎಲ್ಲಾರ್ಗೂ ಇನ್ನೊಂದ್ ತಟಕು ಕೊಟ್ಬಿಟ್ಟು ಕೂತ್ಕಳಾಣ ಅಂತ ಬಕೆಟ್ ಹಿಡ್ಕೊಂಡ್ ಬಂದೆ. ನಾಲ್ಕು ಗಂಟೆ. ಇವನು ‘ಉಂಡ್ಯಾ ಉಂಡ್ಯಾ’ ಅಂತ ಫ್ಯಾನ್ನ ಕೇಳ್ತಾ ಅವ್ನೆ. ಅಷ್ಟು ಜನ ನಕ್ರು. ಒಬ್ರಾದ್ರೂ ತಿರುಗಿ ನೀನ್ ಉಂಡ್ಯಾ ಅಂದ್ರಾ? ಈಗ ಫೋನಲ್ಲಿ ನಂದಾಯ್ತು ಅಂತ ಬೇರೆ!”

ಇಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಯಾವುದಾದರೂ ಒಂದು ದನಿ ಬಂದೇ ಬರುತ್ತದೆ, ತಮಾಷೆ ಮಾಡಿ ಪಾರಾಗಿಬಿಡುತ್ತೇನೆ. ಅವತ್ತು ಹುಡುಕಿದೆ. ಹೆಡ್ಮಾಸ್ಟರಿಲ್ಲ, ಸೂಪರ್ವೈಸರಿಲ್ಲ, ಕಂಡಕ್ಟರಿಲ್ಲ. ಯಾರೂ ಬರಲಿಲ್ಲ. ಕೊನೆಗೆ ಗೋಡೆಯ ಕಡೆಯಿಂದ, ಯಾವತ್ತೂ ಮಾತಾಡದ ಮಾಮ ಮಾತಾಡಿದ: “ಫೋನ್ ತೆಗೀಬ್ಯಾಡ ಸೌಡೂ. ಅದು ಕೇಳ್ದಿದ್ರೆ ನಾನ್ ಹೇಳ್ತಾ ಇರ್ಲಿಲ್ಲ.”

ಅತ್ತೆ ಕಾಲ ಬಳಿ ಬಿದ್ದಿದ್ದ ನೂಲಿನ ಚೂರನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮಂಜುವಿಗೆ ತೀರ್ಪು ಹೇಳಿದಳು. ಆ್ಯಪು ಇರಲಿ. ಕಳ್ಳ ಗಂಟಲು ಬೇಡ. ತಾನೇ ಹೇಳುತ್ತಾಳೆ. “ಅದೂ ಅಲ್ದೆ ಅವನ್ ಆಡೋದು ನನ್ ತರಾನೇ ಇಲ್ಲ. ನಾನ್ ಅಷ್ಟ್ ಎಳೀತೀನಾ?” ಎಂದು ಎಳೆದು ಕೇಳಿದಳು.

ಮಂಜು ಫೋನನ್ನು ಮಣೆಯ ಮೇಲಿಟ್ಟು ರೆಕಾರ್ಡಿಂಗ್ ಶುರುಮಾಡಿದ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡು, ಕೋವಿಲಿನ ಮೈಕಿನಲ್ಲಿ ಚಪ್ಪಲಿ ಹೊರಗೆ ಬಿಡಿ ಎಂದು ಹೇಳುವವರ ಹಾಗೆ, “ಏನ್. ಸಾಮಿ. ಮೊಗ. ಯಾಕೆ. ಹಿಂಗಾಯಿತು” ಎಂದಳು. ಮಾಮ ಬೆಚ್ಚಿಬಿದ್ದ. ಇನ್ನೊಂದು ಸಲ. ಇನ್ನೂ ಹದಗೆಟ್ಟಿತು. ಐದನೆಯ ಸಲಕ್ಕೆ ಮಂಜು ಹಣೆ ಒರೆಸಿಕೊಂಡ. ನಾನು ಕೈ ಆಡಿಸಿ, ಹುಬ್ಬೇರಿಸಿ, ‘ಸಾಮೀ’ಯನ್ನು ಎಲ್ಲಿ ಎಳೆಯಬೇಕು, ‘ಉಂಡ್ಯಾ’ ಎನ್ನುವಾಗ ತಲೆ ಎಷ್ಟು ಓರೆಯಾಗಬೇಕು ಎಂದು ಮೂಕಾಭಿನಯದಲ್ಲಿ ತೋರಿಸಿದೆ. ಸೌಡತ್ತೆಗೆ ಸೌಡತ್ತೆಯಾಗುವುದನ್ನು ಹೇಳಿಕೊಡುವ ಭಾಗ್ಯ ಪ್ರಪಂಚದಲ್ಲಿ ಇನ್ನಾರಿಗೆ ಸಿಕ್ಕಿದ್ದೀತು!

ಏಳನೆಯದೋ ಎಂಟನೆಯದೋ ಸಲ. ಮಂಜು ಬೆರಳೆತ್ತಿ ಸೂಚನೆ ಕೊಟ್ಟ. ಅತ್ತೆ ಫೋನಿನ ಕಡೆ ನೋಡುತ್ತಿದ್ದವಳು ಬೇಸತ್ತು ಕತ್ತೆತ್ತಿದಳು. ಎದುರಿಗೆ ನಾನು, ಹುಬ್ಬು ಕುಣಿಸುತ್ತ. ಅವಳ ಕಣ್ಣು ನನ್ನ ಮುಖದ ಮೇಲೆ ನಿಂತಿತು. ಎಂಟು ತಿಂಗಳಿಂದ ನನ್ನ ಮುಖ ಬಿಟ್ಟು ಅಕ್ಕಪಕ್ಕವನ್ನೆಲ್ಲ ನೋಡಿದ್ದ ಕಣ್ಣು.

“ಏನ್ ಸಾಮೀ,” ಎಂದಳು, “ಮೊಗ ಯಾಕೆ ಹಿಂಗಾಗೋಯ್ತು?”

ಅದು ರೆಕಾರ್ಡಿಂಗಿಗೆ ಹೇಳಿದ್ದಲ್ಲ. ಮಂಜು ತುಟಿಯ ಮೇಲೆ ಬೆರಳಿಟ್ಟು, ಬಾಯಿ ಬಿಡಬೇಡ, ಬಾಯಿ ಬಿಡಬೇಡ ಎಂದು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ನಾನು ಉತ್ತರ ಹೇಳಬೇಕಿತ್ತು. ನನಗೂ ಹೇಳಿಕೊಳ್ಳುವುದು ಬೇಕಾದಷ್ಟಿತ್ತು. ಆದರೆ ಇಷ್ಟು ದಿನ ನಮ್ಮ ಹನ್ನೆರಡು ಜನರನ್ನು ಆಡಿಕೊಂಡು ನಕ್ಕ ಮಹಾನುಭಾವನ ಬಾಯಿಂದ ಬಂದದ್ದು ಅದೇ:

“ನಾನಿರ್ಲಿ ಅತ್ತೆ. ನೀನ್ ಉಂಡ್ಯಾ?”

ಅತ್ತೆಯ ಕೈ ನೂಲಿನ ಚೂರನ್ನು ಬಿಟ್ಟಿತು. “ಎಲ್ಲಿ ಸಾಮೀ, ನೀವ್ ಬರ್ತೀರ ಅಂತ ಬೆಳಿಗ್ಗಿಂದ ಒಲೆ ಮುಂದೆ ಇದೀನಿ” ಎಂದಳು. ಆಮೇಲೆ ಏನಾಯಿತು ಎಂದು ರೆಕಾರ್ಡಿಂಗಿನಲ್ಲೇ ಇದೆ, ಮಂಜು ನಿಲ್ಲಿಸುವುದನ್ನು ಮರೆತಿದ್ದ: ತಟ್ಟೆ ಇಡುವ ಸದ್ದು, “ಕೂತ್ಕೋ ಅತ್ತೆ, ನಾನ್ ಇಕ್ಕ್ತೀನಿ” ಎಂಬ ಮಾತು, ಸಾರು ಚೆಲ್ಲಿದ ಸದ್ದು, “ಇಕ್ಕಕ್ಕೂ ಬರಲ್ಲ ಇವನ್ಗೆ” ಎಂಬ ಬೈಗುಳ, ಮಾಮನ ಒಂದು ಸಣ್ಣ ನಗು.

ಹದಿನಾಲ್ಕು ದಿನ ಮುಗಿದವು. ಹನ್ನೆರಡು ಜನ ಹನ್ನೆರಡಾಗಿಯೇ ಉಳಿದರು. ಆ್ಯಪು ಪಾಸಾದ ಸುದ್ದಿ ಬಂದಾಗ ನಾನು ಸೂಪರ್ವೈಸರ ದನಿಯಲ್ಲಿ ಕಿರುಚಿದ್ದಕ್ಕೆ ಇಡೀ ಹೊಲಿಗೆ ಸಾಲು ನಿಂತುಹೋಯಿತು. ಅತ್ತೆಯ ಅಸಲಿ ದನಿ ಇರುವುದು ಆ ಒಂದು ರೆಕಾರ್ಡಿಂಗಿನಲ್ಲಿ ಮಾತ್ರ. ಅವಳ ಪ್ರಶ್ನೆಯ ಬಾಲಕ್ಕೇ ನನ್ನ ಪ್ರಶ್ನೆ ಅಂಟಿಕೊಂಡಿತ್ತು, ಮಂಜು ಎಷ್ಟು ಕತ್ತರಿಸಿದರೂ ಬಿಡಿಸಲಾಗಲಿಲ್ಲ. ಹೋಗಲಿ ಎಂದು ಹಾಗೆಯೇ ಹಾಕಿದೆವು. ಈಗ ದಿನವೂ ಸಂಜೆ ನಮ್ಮವರ ಮನೆಗಳಲ್ಲಿ ಅತ್ತೆ ವಿಚಾರಿಸುತ್ತಾಳೆ, ಹಿಂದೆಯೇ ಒಂದು ಒರಟು ದನಿ ಅವಳನ್ನು ತಿರುಗಿ ವಿಚಾರಿಸುತ್ತದೆ, ಮರ್ಯಾದೆ ಪೂರ್ತಿಯಾಯಿತೆಂದು ಜನ ನೇರವಾಗಿ ತಮ್ಮ ಕಥೆಗೆ ಇಳಿಯುತ್ತಾರೆ.

ಮೊದಲ ಸಲ ಕೇಳಿದಾಗ ಅಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು ಹುಬ್ಬು ಗಂಟಿಕ್ಕಿದಳು.

“ಅತ್ತಿಗೆ ಗಂಟಲು ಗೊತ್ತಾಯ್ತು. ನಡುವೆ ‘ನೀನ್ ಉಂಡ್ಯಾ’ ಅಂತಾನಲ್ಲ, ಅದ್ಯಾರ್ ಗಂಟಲ್ಡಾ? ಎಲ್ಲೋ ಕೇಳ್ದಂಗೈತೆ. ಯಾರನ್ನ ಆಡಿದೀಯ?”

“ಯಾರನ್ನೂ ಆಡಿಲ್ಲಮ್ಮ, ಅದು ನಾನೇ” ಎಂದೆ.

ಅಮ್ಮ ಇನ್ನೊಮ್ಮೆ ಹಾಕಿಸಿ ಕೇಳಿದಳು. ತಲೆಯಾಡಿಸಿದಳು.

“ಹೋಗ್ಡಾ,” ಎಂದಳು, “ನಿನ್ ತರಾನೇ ಇಲ್ಲ.”